ಬಲಗಡೆಯ ಪಿಯಾನೋ

ಮಾರ್ಚ್ 3, ಭಾನುವಾರ, ಸಂಜೆ 7

ಮುಗಿಯಿತು. ಇವತ್ತಿನ ಕಛೇರಿಗೆ ನಲವತ್ತೊಂದು ಜನ. ಡ್ರಮ್ಮಿನ ಮೇಲೆ ಬಟ್ಟೆ ಹೊದಿಸಿ, ಮನೆಗೆ ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ. ಐವತ್ತೊಂದು ವಯಸ್ಸಿನ ಕಾಲು. ಪೆಡಲ್ ಒತ್ತುವುದು ಸಾಕು ಅನ್ನುತ್ತದೆ.

ಎಂದಿನಂತೆ ಕೊನೆಗೆ ಕಿಟಕಿ ಹಾಡು. ಅದಕ್ಕೆ ಸರಿಯಾದ ಇಂಗ್ಲಿಷ್ ಹೆಸರೊಂದಿದೆ. ಪಿಯಾನೋದ ಅಣ್ಣ, ಬೇಸ್ ಅನ್ನುವ ದೊಡ್ಡ ತಂತಿವಾದ್ಯದ ಉದ್ದಣ್ಣ, ಡ್ರಮ್ಮಿನ ನಾನು — ಮೂವರೂ ಕರೆಯುವುದು ಹೀಗೇ. ಹಾಡಿನಲ್ಲಿ ಯಾರೋ ಕಿಟಕಿ ತೆರೆದಿಟ್ಟುಕೊಂಡು ಯಾರಿಗೋ ಕಾಯುತ್ತಾರೆ. ಜಾಜ್ ಬಾರಿಸುವವರೆಲ್ಲ ಬಾರಿಸಿ ಬಾರಿಸಿ ಸವೆಸಿದ ಹಾಡು. ಜಾಜ್ ಅಂದರೇನು ಅಂತ ಗೊತ್ತಿಲ್ಲದವರಿಗೂ ಗೊತ್ತು. ಅಣ್ಣ ಪಿಯಾನೋದಲ್ಲಿ ಶುರು ಮಾಡಿದರೆ ಸಾಕು, ಹಾಲ್ ತುಂಬ ಹಳೇ ಪರಿಚಯದವರು ಸಿಕ್ಕಂಥ ಮುಖಗಳು.

ಇವತ್ತಿನ ಮುಖಗಳು. ನರ್ಸಮ್ಮ — ಎರಡನೇ ಸಾಲು, ಡ್ಯೂಟಿ ಮುಗಿಸಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡೇ ಬರುತ್ತಾಳೆ. ಹಾಡಿನ ನಡುಭಾಗ, ರಾಗ ಮೇಲೆ ಹತ್ತುವ ಕಡೆ ಬಂತೆಂದರೆ ಗದ್ದ ಮೇಲಕ್ಕೆ. ಕಣ್ಮುಚ್ಚಿ ಮಾವ — ಶುರುವಿಗೇ ಕಣ್ಣು ಮುಚ್ಚುತ್ತಾರೆ, ಅಣ್ಣ ಒಬ್ಬನೇ ಮುಂದಾಗಿ ಬಾರಿಸುವ ಸೋಲೋ ಮುಗಿದ ಕ್ಷಣಕ್ಕೆ ತೆರೆಯುತ್ತಾರೆ. ಗಡಿಯಾರಕ್ಕೂ ಇಷ್ಟು ನಿಯತ್ತಿಲ್ಲ. ಮೂಲೆಯ ಗಂಡಹೆಂಡಿರು — ಅಲ್ಲಿಯವರೆಗೆ ಪಿಸುಮಾತಿನ ಜಗಳ, ಕಿಟಕಿ ಹಾಡಿಗೆ ಕದನವಿರಾಮ.

ಇವರನ್ನೆಲ್ಲ ಯಾಕೆ ಬರೆದಿಡುತ್ತೇನೆ ಅಂದರೆ… ಇಲ್ಲಿ ಓದುವವರು ಯಾರಿದ್ದಾರೆ, ಬರೆದೇಬಿಡುತ್ತೇನೆ. ನನ್ನ ಬಲಗಿವಿ ಹೋಗಿದೆ. ವೇದಿಕೆಯಲ್ಲಿ ಅಣ್ಣನ ಪಿಯಾನೋ ಇರುವುದು ನನ್ನ ಬಲಕ್ಕೆ, ಉದ್ದಣ್ಣನ ಬೇಸ್ ಅದರ ಪಕ್ಕಕ್ಕೆ. ನಾನೂ ಡ್ರಮ್ ಬಾರಿಸುತ್ತಿರುವಾಗ ಅವರಿಬ್ಬರದೂ ನನ್ನವರೆಗೆ ಬರುವುದೇ ಇಲ್ಲ. ಹಾಡು ಎಲ್ಲಿಗೆ ಬಂತು ಅನ್ನುವುದನ್ನು ಜನರ ಮುಖ ನೋಡಿ ತಿಳಿದುಕೊಳ್ಳುತ್ತೇನೆ. ನರ್ಸಮ್ಮ ಗದ್ದ ಎತ್ತಿದಳು — ನಡುಭಾಗ. ಮಾವ ಕಣ್ಣು ಬಿಟ್ಟರು — ಸೋಲೋ ಮುಗಿಯಿತು. ಎರಡು ವರ್ಷದಿಂದ ಹೀಗೇ ದಬ್ಬುತ್ತಿದ್ದೇನೆ.

ಮಾರ್ಚ್ 5, ಮಂಗಳವಾರ

ಲ್ಯಾಬಿನಲ್ಲಿ ಕೆಳದವಡೆಯ ಹಲ್ಲುಸೆಟ್ ಒಂದು, ಎರಡು ಒಂಟಿ ಹಲ್ಲು. ಇಪ್ಪತ್ತಾರು ವರ್ಷದಿಂದ ಊರಿನವರಿಗೆ ಹಲ್ಲು ಕಟ್ಟುತ್ತಿದ್ದೇನೆ. ಉಜ್ಜುವ ಮೋಟರ್ ಯಾವಾಗಲೂ ಬಲಗಿವಿಯ ಪಕ್ಕಕ್ಕೇ. ಅವರು ಅಗಿದು ತಿನ್ನಲಿ ಅಂತ ನನ್ನ ಕಿವಿ ಸವೆಯಿತು.

ಮಾಲೀಕರು ಹಿಂದಿನಿಂದ ಕರೆದರಂತೆ. ಮೂರು ಸಲ. ಭುಜ ಮುಟ್ಟಿದರು. "ಏನಮ್ಮ, ಕಿವಿ ಮನೇಲಿಟ್ಟು ಬಂದ್ಯಾ?" ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ನಾನು ಬಲಗಿವಿ ಮುಟ್ಟಿಕೊಂಡೆ. "ಮೋಟರ್ ಸದ್ದು ಸಾರ್" ಅಂದೆ.

ಅಣ್ಣನಿಗೆ ಹೇಳಬೇಕು. ಹೇಳಿದರೆ? ಮೊದಲು ನಮ್ಮಲ್ಲಿ ಸ್ಯಾಕ್ಸೋಫೋನಿನವನೊಬ್ಬ ಇದ್ದ. ಚೆನ್ನಾಗಿ ಊದುತ್ತಿದ್ದ, ಇನ್ನೊಬ್ಬರಿಗೆ ಕಿವಿ ಕೊಡುತ್ತಿರಲಿಲ್ಲ. ಅಣ್ಣ ಆರೇ ವಾರಕ್ಕೆ ಕೈಮುಗಿದು ಕಳಿಸಿದ. "ಬಾರಿಸೋದು ಆಮೇಲೆ. ಮೊದಲು ಕೇಳಿಸ್ಕೋಬೇಕು. ಕೇಳಿಸ್ಕೊಳ್ಳದವರ ಜೊತೆ ನಾನು ಕೂರಲ್ಲ." ಅವನು ಬೇಕೆಂದೇ ಕೇಳಿಸಿಕೊಳ್ಳಲಿಲ್ಲ, ನನ್ನದು ಹಾಗಲ್ಲ — ಆದರೆ ಪಿಯಾನೋ ಮುಂದೆ ಕೂತವನಿಗೆ ಎರಡೂ ಒಂದೇ.

ಗಂಡ ಹೋದ ಮೇಲೆ ನನಗೆ ಉಳಿದಿರುವುದು ವಾರಕ್ಕೆ ಈ ಎರಡು ಗಂಟೆ. ಅದು ಹೋದರೆ ಬರೀ ಹಲ್ಲು.

ಮಾರ್ಚ್ 13, ಬುಧವಾರ

ಕಿವಿ ಟೆಸ್ಟ್. ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್. ಸದ್ದು ಬಂದಾಗ ಒತ್ತಬೇಕು. ಹೊರಗೆ ಕೂತ ಹುಡುಗಿ ಯಂತ್ರ ಒತ್ತುವ ಮುಂಚೆ ಹುಬ್ಬು ಎತ್ತುತ್ತಾಳೆ. ಅವಳ ಹುಬ್ಬು ಎದ್ದಾಗೆಲ್ಲ ನಾನು ಒತ್ತಿದೆ. ಬೇಕೆಂದು ಮಾಡಿದ್ದಲ್ಲ, ರೂಢಿ. ರಿಪೋರ್ಟ್ ನೋಡಿ ಡಾಕ್ಟರ್ ಬೆರಗಾದರು. ಆಮೇಲೆ ಸಂಶಯ ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಮತ್ತೆ ಮಾಡಿಸಿದರು.

ಗೋಡೆಗೆ ಹುಬ್ಬಿಲ್ಲ. ಸಿಕ್ಕಿಬಿದ್ದೆ.

ಬಲಗಿವಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗಿದೆ. ಎಡಗಿವಿ ಚೆನ್ನಾಗಿದೆ. ಹೋದದ್ದು ಬರುವುದಿಲ್ಲ. ಬಲಕ್ಕೆ ಮಷಿನ್ ಹಾಕಿದರೆ ಮಾತಿಗೆ ಅನುಕೂಲ, ಸಂಗೀತಕ್ಕೆ ಅಷ್ಟಕ್ಕಷ್ಟೆ. "ಮನೇಲಿ ಹೇಳಿದ್ದೀರಾ?" ಅಂತ ಕೇಳಿದರು. "ಮನೇಲಿ ನಾನೊಬ್ಬಳೇ ಡಾಕ್ಟ್ರೇ. ನನಗೆ ಗೊತ್ತು" ಅಂದೆ. ನಕ್ಕರು. ಬಸ್ಸಿನಲ್ಲಿ ಸ್ವಲ್ಪ ಅತ್ತೆ.

ಮಾರ್ಚ್ 17, ಭಾನುವಾರ, ಸಂಜೆ 6:30

ಆದದ್ದನ್ನು ಸಾಲಾಗಿ ಬರೆಯುತ್ತೇನೆ.

ಒಂದು ಶಾಲೆಯ ಮೇಷ್ಟ್ರು-ಟೀಚರುಗಳು, ಇಪ್ಪತ್ತು ಜನ, ಹೆಡ್‌ಮಿಸ್ಸಿನ ಸಮೇತ ಮುಂದಿನ ಸಾಲುಗಳಲ್ಲಿ. ಮೊದಲ ಸಲ ಬಂದವರು. ಕಿಟಕಿ ಹಾಡು ಶುರುವಾದದ್ದೇ ತಡ, ಗುರುತು ಹತ್ತಿ ಎಲ್ಲರೂ ಚಪ್ಪಾಳೆ ಹಾಕತೊಡಗಿದರು. ಒಂದು-ಮೂರರ ಮೇಲೆ. ನಮ್ಮ ಹಾಡಿಗೆ ನಾಲ್ಕು ಎಣಿಕೆಯಲ್ಲಿ ಚಪ್ಪಾಳೆ ಬೀಳಬೇಕಾದದ್ದು ಎರಡು-ನಾಲ್ಕರ ಮೇಲೆ. ಒಂದು-ಮೂರಕ್ಕೆ ಹಾಕಿದರೆ ಕವಾಯತು, ಎರಡು-ನಾಲ್ಕಕ್ಕೆ ಹಾಕಿದರೆ ಕುಣಿತ. ಇವರದು ಪಕ್ಕಾ ಕವಾಯತು.

ಇಂಥ ಕಡೆ ಅಣ್ಣನದೊಂದು ಹಳೇ ಕಿಲಾಡಿತನವಿದೆ. ಯಾರಿಗೂ ಹೇಳದೆ ಒಂದು ಕಡೆ ನಾಲ್ಕರ ಬದಲು ಐದು ಎಣಿಸಿಬಿಡುತ್ತಾನೆ. ನಾನೂ ಬೇಸ್ ಹಿಡಿಯುವ ಉದ್ದಣ್ಣನೂ ಅವನ ಜೊತೆಗೇ ಜರುಗಿಕೊಳ್ಳಬೇಕು. ಜನ ತಮ್ಮ ಪಾಡಿಗೆ ಹಾಕುತ್ತಲೇ ಇರುತ್ತಾರೆ, ಆದರೆ ಅವರ ಚಪ್ಪಾಳೆ ಈಗ ಸರಿಯಾದ ಜಾಗದಲ್ಲಿ ಬೀಳುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ.

ಇವತ್ತು ನನಗೂ ಗೊತ್ತಾಗಲಿಲ್ಲ. ನಾನು ನೋಡುತ್ತಿದ್ದದ್ದು ಜನರನ್ನು. ಅವರಲ್ಲಿ ಏನೂ ಬದಲಾಗಲಿಲ್ಲ. ಆಗಬಾರದು ಅನ್ನುವುದೇ ಆ ಕಿಲಾಡಿತನ.

ಅಣ್ಣ, ಉದ್ದಣ್ಣ, ಇಡೀ ಹಾಲ್ ಒಂದು ಕಡೆ. ನಾನು, ನನ್ನ ಎಡಗಾಲು ತುಳಿದು ಬಾರಿಸುವ ಜೋಡಿ ತಾಳ ಇನ್ನೊಂದು ಕಡೆ. ಅವರ ಪ್ರತಿ ಚಪ್ಪಾಳೆಯ ಸಂದಿಯಲ್ಲಿ ನನ್ನದೊಂದು ‘ಛಕ್’. ಮೊದಲಿನಿಂದ ಹಾಗೇ ಇತ್ತಲ್ಲ, ಹಾಗಾಗಿ ನೆಮ್ಮದಿಯಾಗಿ ಬಾರಿಸುತ್ತಿದ್ದೆ. ನರ್ಸಮ್ಮ ನನ್ನನ್ನೇ ನೋಡಿದಳು. ಮುಂದಿನ ಸಾಲಿನ ಮೇಷ್ಟ್ರೊಬ್ಬರ ಕೈ ಗಾಳಿಯಲ್ಲಿ ನಿಂತಿತು — ಯಾರ ಕಡೆ ಹೋಗಲಿ? ಅವರು ನನ್ನ ಕಡೆ ಬಂದರು. ಪಕ್ಕದವರು ಅಲ್ಲೇ ಉಳಿದರು. ಹೆಡ್‌ಮಿಸ್ ಇಬ್ಬರನ್ನೂ ದುರುಗುಟ್ಟಿ ನೋಡಿದರು. ಯಾರೋ ನಕ್ಕರು. ಅಷ್ಟೇ. ಹಾಲ್ ಎರಡು ಪಕ್ಷ ಆಯಿತು. ಪಿಯಾನೋ ಕಡೆಯವರು ಅಣ್ಣನಿಗೆ, ಡ್ರಮ್ ಕಡೆಯವರು ನನಗೆ, ಒಬ್ಬರನ್ನೊಬ್ಬರು ಸೋಲಿಸುವ ಹಾಗೆ ಚಪ್ಪಾಳೆ. ಮೂಲೆಯ ಗಂಡಹೆಂಡಿರೂ ಬೇರೆ ಬೇರೆ ಪಕ್ಷ. ಕಣ್ಮುಚ್ಚಿ ಮಾವ ಸೋಲೋದ ನಡುವೆ ಕಣ್ಣು ಬಿಟ್ಟರು. ಅಣ್ಣನ ಕೈ ನೋಡಿದೆ. ನಾನು ತಪ್ಪಿದ್ದೇನೆ.

ಅವನು ನಗುತ್ತಿದ್ದ. ಮತ್ತೊಂದು ಎಣಿಕೆ ಜರುಗಿಸಿ, ತಲೆ ಆಡಿಸಿ ತೋರಿಸಿ, ತಾನೇ ನನ್ನ ಹತ್ತಿರ ಬಂದ. ಮೂವರೂ ಒಟ್ಟಿಗೆ ಮುಗಿಸಿದೆವು. ಜನ ಎದ್ದು ನಿಂತರು. ಆರು ವರ್ಷದಲ್ಲಿ ಈ ಹಾಡಿಗೆ ಎದ್ದು ನಿಂತದ್ದು ಇದೇ ಮೊದಲು.

ಆಮೇಲೆ ಆ ಮೇಷ್ಟ್ರು ಬಂದು, "ಮೇಡಂ, ನೀವೂ ಪಿಯಾನೋದವರೂ ಜಗಳ ಆಡಿದ್ರಲ್ಲ, ಅದು ಬಹಳ ಚೆನ್ನಾಗಿತ್ತು. ಎಷ್ಟು ದಿನ ಪ್ರಾಕ್ಟೀಸ್ ಮಾಡಿದ್ರಿ?" ಅಂದರು. ಕಣ್ಮುಚ್ಚಿ ಮಾವ ಕೈ ಹಿಡಿದುಕೊಂಡು, "ನಮ್ಮ ಮನೆಯವಳಿಗೆ ಇಷ್ಟದ ಹಾಡಮ್ಮ ಇದು. ಪ್ರತಿ ವಾರ ಒಂದೇ ಥರ ನೆನಪಾಗೋಳು. ಇವತ್ತು ನಗ್ತಾ ಬಂದ್ಲು" ಅಂದರು.

ಅಣ್ಣ ಎಲ್ಲರ ಮುಂದೆ ನನ್ನ ತಲೆ ಮೇಲೆ ಕೈಯಿಟ್ಟ. "ಪುಟ್ಟಿ, ಇಷ್ಟು ವರ್ಷ ಈ ಧೈರ್ಯ ಎಲ್ಲಿ ಬಚ್ಚಿಟ್ಟಿದ್ದೆ? ನಾನು ಕರೆದ್ರೂ ಬರದೆ ಎದುರಿಗೆ ನಿಂತ್ಯಲ್ಲ." ಹೆಮ್ಮೆ, ಅವನ ಕಣ್ಣಲ್ಲಿ. ನಾನು ಸುಮ್ಮನೆ ನಕ್ಕೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು.

ಮಾರ್ಚ್ 18, ಸೋಮವಾರ

ಊಟದ ಹೊತ್ತಿಗೆ ಉದ್ದಣ್ಣ ಲ್ಯಾಬಿಗೆ ಬಂದ. ನನಗಿಂತ ಎಂಟು ವರ್ಷ ಚಿಕ್ಕವನು, ಎತ್ತರ ನೋಡಿ ಎಲ್ಲರಿಗೂ ಅಣ್ಣ. ಬಾಗಿಲಿಗೆ ಬಗ್ಗಿ ಒಳಗೆ ಬಂದು, ನನ್ನ ಎಡಗಡೆಗೇ ಸುತ್ತು ಹಾಕಿ ಬಂದು ನಿಂತ. ಇವನಿಗೆ ಗೊತ್ತು ಅಂತ ಆಗಲೇ ತಿಳಿಯಿತು.

"ಅಕ್ಕಾ, ಅದು ಬೇಕಂತ ಮಾಡಿದ್ದಲ್ಲ, ಅಲ್ವಾ?"

ಅಲ್ಲ ಅಂದೆ.

"ನಿಮ್ಮಣ್ಣಂಗೆ ನಾನು ಹೇಳಲ್ಲ. ನೀವೇ ಹೇಳಿ. ಬೇರೆಯವರಿಂದ ಗೊತ್ತಾದ್ರೆ ಅವರಿಗೆ ನೋವು ಜಾಸ್ತಿ."

ಜೋಡಿಸಿಟ್ಟ ಹಲ್ಲುಗಳನ್ನು ಒಮ್ಮೆ ನೋಡಿ, ಮತ್ತೆ ಬಾಗಿಲಿಗೆ ಬಗ್ಗಿ ಹೋದ. ಒಳ್ಳೆಯವನು.

ಮಾರ್ಚ್ 22, ಶುಕ್ರವಾರ

ಬಹಳ ದಿನಗಳ ಮೇಲೆ ರಿಹರ್ಸಲ್. ಅಣ್ಣನಿಗೆ ಭಾನುವಾರದ ‘ಜಗಳ’ ಮತ್ತೆ ಬೇಕು. ಆ ಮೇಷ್ಟ್ರುಗಳು ಇನ್ನಷ್ಟು ಜನರನ್ನು ಕರೆದುಕೊಂಡು ಬರುತ್ತಾರಂತೆ. "ನಾನು ಐದು ಎಣಿಸ್ತೀನಿ. ನೀನು ಬರಬೇಡ. ಎಂಟು ಸುತ್ತು ಆದ್ಮೇಲೆ ಬಾ. ಅಷ್ಟೇ."

ಅಷ್ಟೇ. ಖಾಲಿ ಹಾಲ್, ಐವತ್ತು ಖಾಲಿ ಕುರ್ಚಿ. ಗದ್ದ ಇಲ್ಲ, ಕಣ್ಣಿಲ್ಲ. ಅವನು ಯಾವಾಗ ಐದು ಎಣಿಸಿದ, ಎಂಟು ಸುತ್ತು ಯಾವಾಗ ಶುರು, ಒಂದೂ ಗೊತ್ತಾಗಲಿಲ್ಲ. ಮೂರು ಸಲ ಕೆಡಿಸಿದೆ. ನಾಲ್ಕನೇ ಸಲ ಅವನು ನಿಲ್ಲಿಸಿದ ಮೇಲೂ ನಾನೊಬ್ಬಳೇ ಬಾರಿಸುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಅನ್ನುತ್ತಾರೆ. ಇಲ್ಲಿ ಕಿನ್ನರಿ ಬಾರಿಸುವವಳೇ ಕೋಣ.

"ಏನಾಗಿದೆ ನಿಂಗೆ? ಕೇಳಿಸ್ಕೊಳ್ತಾನೇ ಇಲ್ಲ ನೀನು."

ಸ್ಯಾಕ್ಸೋಫೋನಿನವನಿಗೆ ಅಂದದ್ದು ಇದೇ ದನಿಯಲ್ಲಿ. ತಲೆನೋವು ಅಂದೆ. ಉದ್ದಣ್ಣ ನನ್ನ ಮುಖ ನೋಡಲಿಲ್ಲ. ಹೆದರಿಕೆ ಆಗುತ್ತಿದೆ. ಇನ್ನು ಮುಚ್ಚಿಡುವುದಕ್ಕೆ ಆಗುವುದಿಲ್ಲ.

ಮಾರ್ಚ್ 23, ಶನಿವಾರ, ಮಧ್ಯಾಹ್ನ 1

ಹೇಳಿದೆ.

ಬೆಳಿಗ್ಗೆ ಅವನ ಮನೆಗೆ ಹೋದೆ. ಕನ್ನಡಕದ ಸಡಿಲ ಸ್ಕ್ರೂ ತಿರುಗಿಸುತ್ತ ಕೂತಿದ್ದ. ಡಾಕ್ಟರ ರಿಪೋರ್ಟನ್ನು ಮುಂದಿಟ್ಟೆ. ಕನ್ನಡಕ ಇಲ್ಲದೆ ಅದನ್ನು ದೂರ ಹಿಡಿದು ಓದಿದ.

"ಯಾವ ಕಿವಿ?"

"ಬಲ."

"ನಾನಿರೋ ಕಡೆ."

"ಹ್ಞೂಂ."

"ಎಷ್ಟು ದಿನದಿಂದ?"

"ಎರಡು ವರ್ಷ."

ಸ್ಕ್ರೂಡ್ರೈವರ್ ಕೆಳಗಿಟ್ಟ. "ಎರಡು ವರ್ಷ ನನ್ನದು ಕೇಳಿಸ್ದೇನೇ ಬಾರಿಸಿದ್ದೀಯ."

"ನರ್ಸಮ್ಮನ್ನ ನೋಡ್ಕೊಂಡು ಬಾರಿಸಿದ್ದೀನಿ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಹೋದ ಭಾನುವಾರದ್ದು?"

"ತಪ್ಪು ಅಣ್ಣ. ಧೈರ್ಯ ಅಲ್ಲ. ಬರೀ ತಪ್ಪು."

ಎದ್ದು ರೂಮಿಗೆ ಹೋದ. ಬಾಗಿಲು ಹಾಕಿಕೊಂಡ. ಅರ್ಧ ಗಂಟೆ ಕಾದೆ. ಅತ್ತಿಗೆ ನನ್ನ ಎದುರಿಗೆ ಬಂದು ಕೂತು, "ಬೈಯೋದಾದ್ರೆ ಇಲ್ಲೇ ಬೈತಿದ್ರು. ನೀನೀಗ ಹೋಗು, ಅವರಷ್ಟಕ್ಕೆ ಬಿಡು" ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿಬಿಟ್ಟರೆ ಹಗುರಾಗುತ್ತದೆ ಅಂತ ಯಾರು ಅಂದರೋ, ಅವರು ನನ್ನ ಅಣ್ಣನಿಗೆ ಹೇಳಿರಲಿಕ್ಕಿಲ್ಲ.

ನಾಳೆ ಬೇಗ ಹೋಗಿ ಡ್ರಮ್ ಬಿಚ್ಚಿ ಕಟ್ಟಿಟ್ಟುಬಿಡುತ್ತೇನೆ. ಬರಬೇಡ ಅಂತ ಅವನ ಬಾಯಿಂದ ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಮಾರ್ಚ್ 24, ಭಾನುವಾರ, ಮಧ್ಯಾಹ್ನ 3:35

ಹಾಲ್ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಒಳಗೆ ಹೋದರೆ ಪಿಯಾನೋ ಜಾಗದಲ್ಲಿ ಪಿಯಾನೋ ಇಲ್ಲ. ವೇದಿಕೆಯ ಆ ತುದಿಯಿಂದ ಈ ತುದಿಗೆ ಬಂದಿದೆ. ಡ್ರಮ್ಮಿನ ಎಡಕ್ಕೆ. ಅಣ್ಣನೂ ಉದ್ದಣ್ಣನೂ ಹನ್ನೆರಡು ಗಂಟೆಯಿಂದ ತಳ್ಳಿದರಂತೆ. ಒಂದು ಚಕ್ರ ಕಚ್ಚಿಕೊಂಡು, ನೆಲದುದ್ದಕ್ಕೂ ಗೀರು. ಅಣ್ಣನ ಅಂಗಿ ಬೆನ್ನಿಗೆ ಅಂಟಿದೆ. ಅರವತ್ತು ವರ್ಷದವನು ಮಾಡುವ ಕೆಲಸವೇ ಇದು?

ಇದರಲ್ಲಿ ಒಂದು ಎಡವಟ್ಟು ಇದೆ. ಈ ಥರದ ಪಿಯಾನೋದ ಮುಚ್ಚಳ ತೆರೆಯುವುದು ಒಂದೇ ಕಡೆಗೆ. ಇಷ್ಟು ದಿನ ಜನರ ಕಡೆ ತೆರೆಯುತ್ತಿತ್ತು. ಈಗ ಅದು ಜನರಿಗೆ ಬೆನ್ನು ಹಾಕಿ ಹಿಂದಕ್ಕೆ, ನನ್ನ ಕಡೆಗೆ ತೆರೆದಿದೆ. ಅವರಿಗೆ ಕಾಣುವುದು ಕರೀ ಹಲಗೆ. ಪಿಯಾನೋ ಬಾರಿಸುವ ಯಾರೂ ಹೀಗೆ ಇಡುವುದಿಲ್ಲ.

"ಜನರಿಗೆ ಸರಿಯಾಗಿ ಕೇಳಿಸಲ್ಲ ಅಣ್ಣ" ಅಂದೆ.

ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ನನ್ನ ಕಡೆ ನೋಡಲಿಲ್ಲ. "ಜನರಿಗೆ ಆ ಹಾಡು ಬಾಯಿಪಾಠ. ಕೇಳಿಸ್ಬೇಕಾದ್ದು ನಿನಗೆ."

ಅಷ್ಟು ಹೇಳಿ ಚಕ್ರಕ್ಕೆ ಎಣ್ಣೆ ಹುಡುಕಿಕೊಂಡು ಹೋದ. ಇಲ್ಲಿಗೆ ಬಂದು ಅತ್ತೆ. ಸ್ವಲ್ಪ ಅಲ್ಲ.

3:52

ಡ್ರಮ್ಮಿನ ಹಿಂದೆ ಕೂತಿದ್ದೇನೆ. ಮೊಣಕಾಲ ಮೇಲೆ ಡೈರಿ. ಜನ ಬರುತ್ತಿದ್ದಾರೆ. ಮೇಷ್ಟ್ರು ಹಲಗೆ ನೋಡಿ ಹೆಡ್‌ಮಿಸ್ಸಿನ ಕಿವಿಯಲ್ಲಿ ಏನೋ ಅಂದರು. ಮೂಲೆಯ ಗಂಡಹೆಂಡಿರಿಗೆ ಜಗಳಕ್ಕೆ ಹೊಸ ವಿಷಯ ಸಿಕ್ಕಿದೆ, ಎಲ್ಲಿ ಕೂರುವುದು ಅಂತ. ಒಬ್ಬರು ಬಂದು ಕೇಳಿಯೇಬಿಟ್ಟರು, "ಏನ್ ಸಾರ್, ಪಿಯಾನೋ ಉಲ್ಟಾ ಇಟ್ಟಿದ್ದೀರಿ?" ಅಣ್ಣ, "ಡ್ರಮ್ಮಿನವರ ಅನುಕೂಲಕ್ಕೆ" ಅಂದ. ಕ್ಷಮೆ ಕೇಳಲಿಲ್ಲ. ನರ್ಸಮ್ಮ ಅಲ್ಲೇ ಕೂತಿದ್ದಾಳೆ. ನೋಡಲೇಬೇಕಾದ ಅಗತ್ಯ ಇಲ್ಲದೆ ಅವಳನ್ನು ನೋಡಿದೆ. ತುಂಬಾ ದಣಿದಿದ್ದಾಳೆ ಪಾಪ. ಇದನ್ನು ಗಮನಿಸಿಯೇ ಇರಲಿಲ್ಲ.

ಅಣ್ಣ ಕೂತ. ಬೆರಳು ಸಡಿಲ ಮಾಡಿಕೊಳ್ಳಲು ಕಿಟಕಿ ಹಾಡನ್ನೇ ಮೆಲ್ಲಗೆ… ಕೇಳಿಸುತ್ತಿದೆ. ಅವನ ಎಡಗೈ ಮೊದಲಿನಷ್ಟು ಗಟ್ಟಿಯಿಲ್ಲ. ರಾಗ ಮೇಲೆ ಹತ್ತುವ ಕಡೆ ಒಂದು ಚೂರು ತಡೆದು, ಆಮೇಲೆ ಮುಟ್ಟುತ್ತಾನೆ. ಮುಂಚೆ ಹೀಗೆ ಬಾರಿಸುತ್ತಿರಲಿಲ್ಲ. ವಯಸ್ಸಾಗಿದೆ ನನ್ನ ಅಣ್ಣನಿಗೆ. ಆ ತಡೆ ಎಷ್ಟು ಚೆನ್ನಾಗಿದೆ. ಎರಡು ವರ್ಷ ಇದನ್ನು ಒಬ್ಬನೇ ಬಾರಿಸಿಕೊಂಡು, ನಾನು ಅಲ್ಲಿ ಕಾಯದೆ ಮುಂದೆ ಓಡುತ್ತಿದ್ದರೂ ಒಂದು ದಿನವೂ ಬೈದವನಲ್ಲ—

ಕರೆಯುತ್ತಿದ್ದಾನೆ. ಇವತ್ತು ಅವನು ತಡೆದಲ್ಲಿ ನಾನೂ ಕಾಯುತ್ತೇನೆ.