ಕೊನೆಯ ಹಾಡಿನ ಅಳು

ಹಾಪರ್ಸ್ ಬೆಂಡ್, ಇಲಿನಾಯ್
೧೪ ಮಾರ್ಚ್ ೧೯೯೪

ನನ್ನ ಮುದ್ದು ಓಪಲ್,

ಇಲ್ಲಿ ನಾನು, ಬೆಕ್ಕು, ನನ್ನ ಮೊಣಕಾಲು ಮೂವರೂ ಕ್ಷೇಮ. ಅಲ್ಲಿ ನೀನೂ ನಿನ್ನ ಯಜಮಾನ ಹಾರ್ಲನ್ನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತೆಂದು ಬೈಯಬೇಡ, ಹೋದ ವಾರ ನೀನು ಫೋನಿನಲ್ಲಿ ಬೈದದ್ದೇ ಇನ್ನೂ ಅರಗಿಲ್ಲ. "ನನ್ನ ಮಗ ಅಷ್ಟು ಗೋಗರೆದ್ರೂ ವ್ಯಾನ್ ಹತ್ತಲ್ಲ ಅಂದ್ಯಂತೆ. ಏನಕ್ಕಾ ಜಂಬ ನಿಂಗೆ?" ಎಂದೆಯಲ್ಲ, ಜಂಬವಲ್ಲ ಕಣೇ. ಶನಿವಾರ ಅವನೂ ಅವನ ತಂಡದ ಹುಡುಗರೂ ಊರೂರಿಗೆ ಹಾಡಲು ಹೊರಡುತ್ತಾರೆ. ಅಷ್ಟರೊಳಗೆ ನಿನಗಾದರೂ ಸಮಾಧಾನ ಹೇಳೋಣ ಎಂದು ಬರೆಯಲು ಕೂತೆ.

ಮೊದಲು ಸಿಹಿ ಸುದ್ದಿ. ನಿನ್ನ ಮಗ ರಾಯ್ಸ್‌ನ ಮೊದಲ ಆಲ್ಬಮ್ ಬಂದೇಬಿಟ್ಟಿತು! ನಿನಗೂ ಒಂದು ಕಳಿಸಿದ್ದಾನಂತೆ, ಇಂದೋ ನಾಳೆಯೋ ಅರ್ಕಾನ್ಸಾ ತಲುಪುತ್ತದೆ. ತಂಡದ ಹೆಸರು 'ಸೇಲ್ ಬಾರ್ನ್'. ದನದ ಹರಾಜು ಹಾಕುವ ಕೊಟ್ಟಿಗೆಯ ಹೆಸರನ್ನು ಯಾರಾದರೂ ತಂಡಕ್ಕೆ ಇಡುತ್ತಾರೆಯೇ ಎಂದರೆ, "ನಾನು ಬೆಳೆದಿದ್ದೇ ಅದರ ಹಿಂದೆ ಅಲ್ವಾ ದೊಡ್ಡಮ್ಮ" ಎನ್ನುತ್ತಾನೆ. ಹೊದಿಕೆಯ ಚಿತ್ರದಲ್ಲಿ ನಾಲ್ವರೂ ಅದೇ ಕೊಟ್ಟಿಗೆಯ ಮುಂದೆ ಹಲ್ಲುನೋವು ಬಂದವರ ಹಾಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದಾರೆ. ನಿನ್ನ ಮಗನ ಅಂಗಿಯ ತೋಳು ಹರಿದಿದೆ. ಹೊಲಿದುಕೊಡುತ್ತೇನೆ ಎಂದರೆ ಬೇಡವಂತೆ, ಹರಿದಿರುವುದೇ ಚಂದವಂತೆ.

ಹಾಡುಗಳು ನಮ್ಮ ಕಾಲದ ಧಾಟಿಯವೇ, ಗದ್ದಲ ಮಾತ್ರ ಅವರದು. ಅಪ್ಪ ಹಾಡುತ್ತಿದ್ದ ಹಾಗೆ ಮೆತ್ತಗೆ ಶುರುವಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಗಿಟಾರುಗಳಿಗೆ ದೆವ್ವ ಮೆಟ್ಟಿಕೊಳ್ಳುತ್ತದೆ. ಮೊದಮೊದಲು ನಾನೂ ಮೂಗು ಮುರಿದೆ. ಆದರೆ ಬಾಗಿಲು ಮುಚ್ಚಿದ ನಮ್ಮೂರ ಶೂ ಕಾರ್ಖಾನೆಯ ಮೇಲೆ ಅವನು ಕಟ್ಟಿದ ಹಾಡು ಕೇಳಿದ ದಿನ, ಒಲೆಯ ಮೇಲಿದ್ದ ಬೀನ್ಸ್ ಸೀದುಹೋದರೂ ನನಗೆ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದಾನೆ ನಿನ್ನ ಮಗ.

ಕೊನೆಯ ಹಾಡಿಗೆ ನನ್ನ ಪೆಡಲ್ ಸ್ಟೀಲ್ ಗಿಟಾರು ಇದೆ. ಶನಿವಾರದ ಕುಣಿತಗಳಿಗೆ ನುಡಿಸಿ ಭಾನುವಾರ ಚರ್ಚಿನಲ್ಲಿ ಆಕಳಿಸುತ್ತಿದ್ದೆನಲ್ಲ, ಅದೇ ಹಳೆಯ ವಾದ್ಯ. ಧ್ವನಿಮುದ್ರಣಕ್ಕೆಂದು ಶಿಕಾಗೋದಿಂದ ಬಂದ ಹುಡುಗ ಹಳೆಯ ಮೇವಿನ ಅಂಗಡಿಯಲ್ಲಿ ಯಂತ್ರಗಳನ್ನೆಲ್ಲ ಹರಡಿದ್ದ. ನಾನು ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸುತ್ತ ತುತ್ತತುದಿಯ ಸ್ವರಕ್ಕೆ ಹೋಗಿ ನಿಂತೆ. ಮುಗಿದ ಮೇಲೆ ಎಲ್ಲರೂ ನನ್ನ ಮುಖವನ್ನೇ ನೋಡಿದರು. "ಯಾಕ್ರೋ, ಸರಿ ಬರ್ಲಿಲ್ವಾ? ಇನ್ನೊಂದ್ಸಲ ನುಡಿಸ್ತೀನಿ ತಾಳಿ" ಎಂದೆ. ಆ ಹುಡುಗ ಕಣ್ಣೊರೆಸಿಕೊಂಡು, "ದಮ್ಮಯ್ಯ ಅಂತೀನಿ, ಇನ್ನು ಮುಟ್ಬೇಡಿ. ಇಂಥ ಅಳು ನಾನು ಜನ್ಮದಲ್ಲಿ ಕೇಳಿಲ್ಲ" ಎಂದ. ರಾಯ್ಸ್ ನನ್ನನ್ನು ಕುರ್ಚಿಸಮೇತ ಎತ್ತಿಬಿಟ್ಟ, ಕತ್ತೆ!

ಈಗ ಪತ್ರಿಕೆಯಲ್ಲೂ ಅದೇ ಮಾತು. ಆ ಕೊನೆಯ ಸ್ವರ ತನ್ನ ಜಾಗದಲ್ಲಿ ನಿಲ್ಲಲಾರದೆ ಕದಲುತ್ತದೆ, ಕೇಳುವವರ ಎದೆಯೂ ಕದಲುತ್ತದೆ ಎಂದು ಯಾರೋ ಬರೆದಿದ್ದಾರೆ. ರಾಯ್ಸ್ ಅದನ್ನು ಕತ್ತರಿಸಿ ನನ್ನ ಫ್ರಿಜ್ಜಿಗೆ ಅಂಟಿಸಿದ. ಕಾಫಿ ಕುಡಿಯಲು ಹೋದರೆ ಡೈನರಿನ ಬರ್ಟ್, "ಅತ್ತೂ ಅತ್ತೂ ನನ್ ಹೆಂಡ್ತಿ ಅಡುಗೇನೇ ಮಾಡಿಲ್ಲ, ಎಲ್ಲಾ ನಿಮ್ಮಿಂದ" ಎಂದು ಗೊಣಗಿ ದೊಡ್ಡ ತುಂಡು ಪೈ ಮುಂದಿಟ್ಟ.

ಅದಕ್ಕೇ ರಾಯ್ಸ್‌ಗೆ ಹಠ. "ನೀನಿಲ್ದೆ ಆ ಹಾಡು ಹೇಗೆ ಮುಗಿಸ್ಲಿ ದೊಡ್ಡಮ್ಮ?" ಎಂದ. ಮೊಣಕಾಲು ಎಂದೆ. "ಮುಂದಿನ ಸೀಟು ನಿಂಗೇ" ಎಂದ. ಬೆಕ್ಕು ಎಂದೆ. "ಅದನ್ನೂ ಹತ್ತಿಸ್ಕೊಳ್ಳೋಣ, ಡ್ರಮ್ ಬಾರಿಸೋನಿಗಿಂತ ಅದೇ ವಾಸಿ" ಎಂದ. ನೆಪಗಳೆಲ್ಲ ತೀರಿಹೋದವು. "ನಿಮ್ಮ ಗಲಾಟೆ ಜೊತೆ ನನ್ ಕೈಲಾಗಲ್ಲ ಕಣೋ" ಎಂದುಬಿಟ್ಟೆ. ಅವನ ಮುಖ ಚಿಕ್ಕದಾಯಿತು. "ಓಹೋ, ನೀನೂ ಊರವರ ಥರಾನೇ. ಆ ಕೊನೇದೊಂದು ಬಿಟ್ರೆ ನಮ್ಮ ಹಾಡು ಅಂದ್ರೆ ನಿಂಗೂ ನಾಚಿಕೆ" ಎಂದು ಟೋಪಿ ಎತ್ತಿಕೊಂಡು ಹೊರಟೇಹೋದ. ಅವನಿಗೆಂದೇ ಮಾಡಿದ ಮೀಟ್‌ಲೋಫ್ ನಾನೊಬ್ಬಳೇ ತಿಂದು ತಿಂದು ಸಾಕಾಯಿತು. ಆಮೇಲೆ ಅವನು ಈ ಕಡೆ ತಲೆ ಹಾಕಿಲ್ಲ. ಬಾಗಿಲಲ್ಲಿ ಯಾವ ಗಾಡಿ ನಿಂತರೂ ಎದ್ದು ನೋಡುತ್ತೇನೆ.

ಹಾರ್ಲನ್‌ನ ಬೆನ್ನಿಗೆ ಬಿಸಿ ಶಾಖ ಕೊಡು, ಹಟ ಮಾಡಿದರೆ ನಾನು ಹೇಳಿದೆನೆಂದು ಹೇಳು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ನಮ್ಮ ಹುಡುಗ ಹೋದಲ್ಲೆಲ್ಲ ಜನ ಸೇರಲಿ, ಆ ಹಾಳು ವ್ಯಾನಿನ ಟೈರು ಒಡೆಯದಿರಲಿ.

ನಿನ್ನ ಅಕ್ಕ,
ವರ್ಲೀನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿನ್ನ ಹತ್ತಿರ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಓಪಲ್, ಮೇಲಿನ ಸ್ವರಗಳು ನನಗೆ ಕೇಳಿಸುವುದಿಲ್ಲ. ಕಿವಿಯ ಡಾಕ್ಟರು, "ಹೋಗಿದ್ದು ಇನ್ನು ವಾಪಸ್ ಬರಲ್ಲ, ಇರೋದು ಎಷ್ಟು ದಿನವೋ" ಎಂದುಬಿಟ್ಟರು. ಎದುರು ಕೂತು ಆಡಿದ ಮಾತು ಕೇಳಿಸುತ್ತದೆ, ಫೋನಿನಲ್ಲಿ ನಿನ್ನ ಬೈಗುಳವೂ ಕೇಳಿಸುತ್ತದೆ, ಗಂಡಸರ ಹಾಡು ಕೇಳಿಸುತ್ತದೆ, ಹಕ್ಕಿಗಳು ಮಾತ್ರ ಬಾಯಿ ತೆರೆದು ಸುಮ್ಮನೆ ಕೂತಿರುತ್ತವೆ. ಶ್ರುತಿ ತೋರಿಸುವ ಯಂತ್ರದ ಮುಳ್ಳು ನೋಡಿ ತಂತಿ ಬಿಗಿಯುತ್ತೇನೆ, ವಾದ್ಯದ ಮೇಲಿನ ಗೆರೆ ನೋಡಿ ಸರಳು ಇಡುತ್ತೇನೆ. ಆ ದಿನ ಗೆರೆಗಳು ಮುಗಿದ ಮೇಲೂ ಮುಂದೆ ಹೋಗಬೇಕಿತ್ತು, ಅಂದಾಜಿನ ಮೇಲೆ ಹೋದೆ. ಅಲ್ಲಿ ಶ್ರುತಿ ತಪ್ಪಿತೆಂದು ನನಗೆ ತಿಳಿದದ್ದೇ ಆ ಪತ್ರಿಕೆಯವನು ಹೊಗಳಿದ ಮೇಲೆ. ಕೇಳಿಸದ ಸ್ವರವನ್ನು ಊರೂರಲ್ಲಿ ಮತ್ತೆ ಹೇಗೆ ಹಿಡಿಯಲಿ, ಅದಕ್ಕೇ ವ್ಯಾನ್ ಹತ್ತಲಿಲ್ಲ.

ರಾಯ್ಸ್‌ಗೆ ಹೇಳಬೇಡ. ಇಡೀ ಆಲ್ಬಮ್ಮಿನಲ್ಲಿ ಅವನಿಗೆ ಹೆಮ್ಮೆ ಇರುವುದೇ ಆ ಒಂದು ಸ್ವರದ ಮೇಲೆ. ಅದು ಕಿವುಡಿಯ ಕೈತಪ್ಪು ಎಂದು ಗೊತ್ತಾದರೆ ಆ ಹಾಡು ಅವನ ಪಾಲಿಗೆ ಸತ್ತಂತೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ ಬಿಡು, ನಮ್ಮ ಹುಡುಗನ ಸಿಟ್ಟು ಎಷ್ಟು ದಿನ ಇದ್ದೀತು?

ಆಲ್ಬಮ್ ಬಂದಾಗ ಹಾರ್ಲನ್‌ನನ್ನು ಹೊರಗೆ ಕಳಿಸಿ ಒಬ್ಬಳೇ ಕೂತು ಕೇಳು. ಕೇಳಿ ನನಗೆ ನಿಜ ಬರೆ. ಊರೆಲ್ಲ ಕೇಳಿ ಅತ್ತಿದೆ, ನುಡಿಸಿದ ನಾನೊಬ್ಬಳೇ ಕೇಳಿಲ್ಲ. ಅದು ಹೇಗಿದೆ, ಓಪಲ್?