ಮೂಡಲಪಾಳ್ಯದ ಹಸಿರು ಪಟ್ಟೆ

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆಯೇ ಮೂರು ಪಂಕ್ಚರ್. ನಾಲ್ಕನೆಯದು ರಾಚಪ್ಪನ ಸೈಕಲ್.

ನಮ್ಮ ರಸ್ತೆಗೆ ಸೈಕಲ್ ಲೇನ್ ಬೇಕೆಂದು ಮೊದಲು ಹೇಳಿದವನು ಇವನೇ. ಯುಗಾದಿಯ ಮರುದಿನ, ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು. ಬಾದಾಮಿ ಕಡೆಯವನು, ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. "ಬಸ್ಸಿಗೆ ದಾರಿ ಐತಿ, ಕಾರಿಗೆ ಐತಿ. ನನಗೊಂದ್ ಗೇಣು ಕೊಡ್ರಿ ಅಂತ ಯಾರನ್ನ ಕೇಳ್ಬೇಕ್ರಿ ಉಗ್ರಪ್ಪಣ್ಣಾ?" ಎಲ್ಲರೂ ನಕ್ಕೆವು. ಅವನು ಮನೆಮನೆ ತಿರುಗಿ ಸಹಿ ಹಾಕಿಸಿದ. ಮೊದಲ ಸಹಿ ನನ್ನದು.

ಈಗ ರಸ್ತೆಯ ಅಂಚಿಗೆ ಹಸಿರು ಬಣ್ಣ, ಪ್ಲಾಸ್ಟಿಕ್ ಕಂಬ. ಎರಡು ತಿಂಗಳು ಟ್ರಯಲ್. ಹಾರ್ಡ್‌ವೇರ್ ಅಂಗಡಿಯ ಹನುಮಂತಯ್ಯನವರಿಗೆ ಪಾರ್ಕಿಂಗ್ ಹೋದ ಸಿಟ್ಟು.

"ಏನಯ್ಯಾ ರಾಚಪ್ಪ, ನಮ್ ಗಿರಾಕಿಗಳು ಗಾಡೀನ ತಲೆ ಮೇಲೆ ಹೊತ್ಕೊಂಡ್ ಬರ್ಬೇಕಾ?"

"ನೀವೂ ಒಂದ್ ಸೈಕಲ್ ತಗೋರಿ ಯಜಮಾನ್ರೇ. ಹೊಟ್ಟಿ ಕರಗ್ತೈತಿ."

ಮೊದಲು ನಕ್ಕವರು ಹನುಮಂತಯ್ಯನವರೇ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪ್ರತಿ ವರ್ಷ ರಸ್ತೆಯ ನಡುವೆ ಒಡೆದ ಬೂದುಗುಂಬಳದ ಮೇಲೆ ಬೈಕಿನವರು ಜಾರಿ ಬೀಳುತ್ತಾರೆ. ಹೋದ ವರ್ಷ ಡೆಲಿವರಿಯವನೊಬ್ಬನ ಕಾಲು ಮುರಿಯಿತು. ಈ ಸಲ ನಾನೇ ಎಲ್ಲರಿಗೂ ಹೇಳಿದೆ— "ರಸ್ತೇಲಿ ಬೇಡ್ರಪ್ಪ. ಹಸಿರು ಪಟ್ಟೆ ಖಾಲಿ ಇದೆ, ಗಾಡಿ ಬರಲ್ಲ. ಅಲ್ಲೇ ಒಡೀರಿ."

"ಈ ಲೇನು ಇದಕ್ಕಾದ್ರೂ ಆಯ್ತು ಬಿಡಿ" ಎಂದರು ಹನುಮಂತಯ್ಯ.

ಹನ್ನೊಂದು ಅಂಗಡಿ, ಹನ್ನೊಂದು ಕುಂಬಳಕಾಯಿ. ನಾಳೆ ಗುಡಿಸಿದರಾಯಿತು. ಬೈಕುಗಳು ಆರಾಮಾಗಿ ಹೋದವು. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಅಕ್ಟೋಬರ್ 2, ಬೆಳಿಗ್ಗೆ 7

ರಾಚಪ್ಪ ಹೋದ.

ಐದೂವರೆಗೆ ಡ್ಯೂಟಿಗೆ ಹೊರಟಿದ್ದ. ನನ್ನ ಅಂಗಡಿಯ ಮುಂದೆಯೇ ಕುಂಬಳದ ಚೂರಿನ ಮೇಲೆ ಜಾರಿ, ಕಂಬಗಳ ಸಂದಿನಿಂದ ರಸ್ತೆಗೆ ಬಿದ್ದಿದ್ದಾನೆ. ಹಿಂದೆಯೇ ನೀರಿನ ಟ್ಯಾಂಕರ್...

ಸೈಕಲ್ಲಿಗೆ ಏನೂ ಆಗಿಲ್ಲ.

ಅಕ್ಟೋಬರ್ 19, ಭಾನುವಾರ

ಹನುಮಂತಯ್ಯನವರು ಅರ್ಜಿ ತಂದರು. ಸೈಕಲ್ ಲೇನಿನಿಂದ ಒಂದು ಜೀವ ಹೋಯಿತು, ಕಿತ್ತುಹಾಕಿ ಎಂದು. ಹತ್ತು ಅಂಗಡಿಯವರ ಸಹಿ ಆಗಿದೆ.

"ನಿಮ್ದೊಂದು ಬಾಕಿ."

"ಕಾರಣ ಅದಲ್ವಲ್ಲ ಯಜಮಾನ್ರೇ."

"ಸತ್ತೋನು ವಾಪಸ್ ಬರ್ತಾನಾ? ಸುಮ್ನೆ ಎಲ್ರೂ ಸ್ಟೇಷನ್ ಮೆಟ್ಲು ಹತ್ಬೇಕಾ?"

ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ.

ಅಕ್ಟೋಬರ್ 25, ಶನಿವಾರ

ವಾರ್ಡ್ ಸಭೆ. ರಾಚಪ್ಪನ ಹೆಂಡತಿ ದಾನಮ್ಮ ಹಿಂದಿನ ಬೆಂಚಿನಲ್ಲಿದ್ದಳು. ಮನೆಗೆಲಸ ಮುಗಿಸಿ ಹಾಗೇ ಬಂದಿದ್ದಳು. ಹನುಮಂತಯ್ಯ ಅರ್ಜಿ ಓದಿದರು. ಪಾಲಿಕೆಯ ಎಂಜಿನಿಯರ್ ರಮ್ಯಶ್ರೀ ಕೇಳಿದರು, "ಅವತ್ತು ನಿಜವಾಗಿ ಏನಾಯ್ತು ಅಂತ ಯಾರಾದ್ರೂ ಹೇಳ್ತೀರಾ ಸಾರ್?"

ಊರಿನ ಕಣದಲ್ಲಿ ಕೂತು ಗಂಟೆಗಟ್ಟಲೆ ಕಥೆ ಹೇಳಿದವನು ನಾನು. ಇವತ್ತು ನಾಲ್ಕೇ ಮಾತು. ಹೇಳಿದೆ. ಲೇನಿನದು ತಪ್ಪಿಲ್ಲ, ಅಲ್ಲೇ ಒಡೆಯಿರಿ ಎಂದವನು ನಾನು, ಅಲ್ಲಿ ಮೊದಲ ಕಾಯಿ ಒಡೆದವನೂ ನಾನು.

ದಾನಮ್ಮ ಎದ್ದು ನಿಂತಳು. "ಅಣ್ಣಾರ, ಅವರು ದಿನಾ ಅಲ್ಲೇ ಬರ್ತಾರ ಅಂತ ನಿಮಗ ಗೊತ್ತಿತ್ತಲ್ರಿ?"

ಗೊತ್ತಿತ್ತು.

"ನೆನಪಾಗಲಿಲ್ಲ ಕಣವ್ವ" ಎಂದೆ. ನಿಜವನ್ನೇ ಹೇಳಿದೆ. ಸುಳ್ಳಾಗಿದ್ದರೆ ಚೆನ್ನಾಗಿರುತ್ತಿತ್ತು.

ಅಕ್ಟೋಬರ್ 26, ಬೆಳಿಗ್ಗೆ 9

ಇವತ್ತು ಬೆಳಿಗ್ಗೆ ಹನುಮಂತಯ್ಯ ತಮ್ಮ ಕಾರನ್ನು ತಂದು, ಪ್ಲಾಸ್ಟಿಕ್ ಕಂಬ ಬಗ್ಗಿಸಿ ಹಸಿರು ಪಟ್ಟೆಯ ಮೇಲೆ ನಿಲ್ಲಿಸಿದರು. ಅದರ ಹಿಂದೆ ಇನ್ನೊಂದು ಕಾರು. ಏಳು ಗಂಟೆಗೆ ಸಾಲೇ ಆಗಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ.

ದಾನಮ್ಮ ಕೆಲಸಕ್ಕೆ ನಡೆದು ಹೊರಟಿದ್ದಳು. ಪಟ್ಟೆಯಲ್ಲಿ ಜಾಗವಿಲ್ಲ. ಬಸ್ಸುಗಳು ಓಡಾಡುವ ರಸ್ತೆಗೇ ಇಳಿದಳು. ಅಂಗಡಿ ಬಿಟ್ಟು ಓಡಿ ಅವಳ ಪಕ್ಕದಲ್ಲಿ ನಡೆದೆ. ಬಸ್ಸಿನ ಕಡೆ ನಾನು, ಕಾರಿನ ಕಡೆ ಅವಳು. ಅವಳು ಬೇಡ ಎನ್ನಲಿಲ್ಲ.

ಕಾರುಗಳು ಮುಗಿದಲ್ಲಿ ನಿಂತೆ. ಅವಳು ನಿಲ್ಲಲಿಲ್ಲ, ಹಸಿರು ಪಟ್ಟೆ ಹಿಡಿದು ನಡೆದೇ ಹೋದಳು...