ಮುಂದಿನ ಗುರುವಾರದ ಗ್ಲೌಸು

ಕಡಲು ಒಳಬಂದ ತೊಂಬತ್ತೊಂದನೆಯ ವರ್ಷ, ಎರಡನೆಯ ಐಸು ತಿಂಗಳು, ಮಧ್ಯಾಹ್ನದ ಬಿಡುವು.

ಗಂಗೊಳ್ಳಿಯ ಸಿಗಡಿ ಶೆಡ್ಡಿನಲ್ಲಿ ಮೂರನೆಯ ಮೇಜಿಗೆ ನಿಲ್ಲುವ ಜಲಜ ಮೊಗವೀರ್ತಿಯವರಿಗೆ, ನಿಮ್ಮ ಮಗಳ ಮಗಳ ಮಗಳ ಮಗಳಾದ ಸೌಪರ್ಣಿಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಈ ಕಾಗದ ನಿಮಗೆ ಹಿನ್ನಂಚೆಯಲ್ಲಿ ಬರುತ್ತಿದೆ; ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ನಾನು ಮುಖವೇ ನೋಡದ ನಿಮಗೆ ಬರೆಯುತ್ತಿದ್ದೇನೆ. ನಿಮಗೀಗ ನಲವತ್ತಮೂರು, ನನಗೆ ಐವತ್ತೊಂದು. ಆದರೂ ನೀವೇ ಅಮ್ಮಮ್ಮ, ಏನು ಮಾಡೋಣ!

ನಾನೂ ಸಿಗಡಿಯನ್ನೇ ಸುಲಿಯುತ್ತೇನೆ. ಯಂತ್ರ ಸುಲಿದದ್ದು ಸಾಮಾನ್ಯರ ತಟ್ಟೆಗೆ, ಕೈಯಲ್ಲಿ ಸುಲಿದದ್ದು ಹೊರದೇಶದ ಸಿರಿವಂತರ ತಟ್ಟೆಗೆ. ಹಾಗಾಗಿ ನಮ್ಮ ಕೈಗಳಿಗೆ ಇನ್ನೂ ಕೆಲಸವಿದೆ. ಕೆಲಸ ನಡೆಯುವುದು ಒಂಟಿಗೂಡಿನಲ್ಲಿ, ಅಂದರೆ ಒಬ್ಬರು ನಿಲ್ಲುವಷ್ಟೇ ಅಗಲದ ಗಾಜಿನ ಕೋಣೆಯಲ್ಲಿ. ಹನ್ನೊಂದು ತಾಸು ನಿಲ್ಲಬೇಕು, ಎರಡು ಸಲ ಹೊರಗೆ ಹೋಗಬಹುದು. ತಲೆ ಕೀಳುವುದು, ಸಿಪ್ಪೆ ಬಿಡಿಸುವುದು, ಬೆನ್ನಿನ ಕಪ್ಪು ನರ ಎಳೆಯುವುದು, ಮತ್ತೆ ಐಸುನೀರಿಗೆ ಕೈ. ಬೆರಳ ತುದಿಯ ಗೆರೆಗಳು ಅಳಿಸಿಹೋಗಿವೆ. ಪಕ್ಕದ ಗೂಡಿನ ಹೆಂಗಸಿನ ಕೈಗಳನ್ನು ಹದಿನಾರು ವರ್ಷದಿಂದ ಗಾಜಿನಾಚೆ ನೋಡುತ್ತಿದ್ದೇನೆ, ಆಕೆಯ ದನಿ ಹೇಗಿದೆಯೆಂದು ಗೊತ್ತಿಲ್ಲ. ಇಲ್ಲಿ ಮಾತಾಡುವಂತಿಲ್ಲ. ಮನೆಗೆ ಹೋದ ಮೇಲೂ ಮಾತಾಡುವ ಅಭ್ಯಾಸ ತಪ್ಪಿಹೋಗಿರುತ್ತದೆ. ಮಗಳ ಎದುರು ಕೂತು ಗಂಜಿ ಉಣ್ಣುತ್ತೇನೆ, ಅಷ್ಟೆ. ಮುಂದಿನ ವಾರ ಅವಳೂ ಗೂಡಿಗೆ ಸೇರುತ್ತಾಳೆ.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ ಅಂದರೆ, ಈ ನಿಯಮಗಳು ನಿಮ್ಮಿಂದ ಹುಟ್ಟಿದವು. ಸಿಟ್ಟಾಗಬೇಡಿ, ಪೂರ್ತಿ ಕೇಳಿ.

ಮುಂದಿನ ಗುರುವಾರ ನಿಮ್ಮ ಶೆಡ್ಡಿಗೆ ಕೊಳ್ಳುವ ದೇಶದಿಂದ ತಪಾಸಣೆಯವರು ಬರುತ್ತಾರೆ. ಅಂದು ಬೆಳಿಗ್ಗೆ ಸೂಪರ್ವೈಸರ್ ನಿಮಗೆಲ್ಲ ಹೊಸ ಗ್ಲೌಸು ಹಂಚುತ್ತಾನೆ, ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಾನೆ. ನಿಮಗೇನು ಇದು ಹೊಸದೇ? ಪ್ರತಿ ತಪಾಸಣೆಗೂ ಇದೇ ನಾಟಕ. ಬಂದವರು ತೊಂದರೆ ಏನಾದರೂ ಇದೆಯೇ ಎಂದು ಕೇಳುತ್ತಾರೆ. ಸೂಪರ್ವೈಸರ್ ಹಿಂದೆಯೇ ನಿಂತಿರುತ್ತಾನೆ. ನೀವು ಹೇಳುತ್ತೀರಿ: "ಎಂತ ತೊಂದ್ರಿಯೂ ಇಲ್ಲ ಸಾರ್, ಎಲ್ಲಾ ಲಾಯ್ಕ್ ಇತ್ತ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನಿಮ್ಮ ಮಾತು ಮಾತ್ರ ಹೋಗಲಿಲ್ಲ. ಅವರು ರೆಕಾರ್ಡ್ ಮಾಡಿಕೊಂಡರು. ಅಲ್ಲಿಯವರಿಗೆ ಕೆಲಸದವರು ಸುಖವಾಗಿದ್ದಾರೆಂಬ ಚೀಟಿ ಬೇಕಿತ್ತು, ಇಲ್ಲಿಯವರಿಗೆ ಕಂಟೇನರ್ ಹೊರಡಬೇಕಿತ್ತು. ಇಬ್ಬರಿಗೂ ನಿಮ್ಮ ಉತ್ತರ ಹಿಡಿಸಿತು. ಅಂದಿನ ನೀರಿನ ತಂಪು, ನಿಂತ ತಾಸುಗಳು, ಶೆಡ್ಡಿನ ಮೌನ ಎಲ್ಲವನ್ನೂ ಬರೆದುಕೊಂಡು ಅದಕ್ಕೆ 'ನಿರಾತಂಕದ ಮಟ್ಟ' ಎಂದು ಹೆಸರಿಟ್ಟರು. ಮನುಷ್ಯರು ಬೇಸರವಿಲ್ಲದೆ ತಾಳುವ ಮಟ್ಟವಂತೆ! ಅದೇ ಎಲ್ಲ ಶೆಡ್ಡುಗಳಿಗೂ ನಿಯಮವಾಯಿತು. ಮೌನಕ್ಕಾಗಿಯೇ ಮುಂದೆ ಗಾಜು ಬಂತು. ಯಾರಾದರೂ ದೂರು ಕೊಟ್ಟರೆ ಇವತ್ತಿಗೂ ನಿಮ್ಮ ದನಿಯನ್ನೇ ಕೇಳಿಸುತ್ತಾರೆ. ನಾನು ಮೂರು ಸಲ ದೂರು ಕೊಟ್ಟೆ, ಮೂರು ಸಲವೂ ನೀವೇ ನನ್ನ ಬಾಯಿ ಮುಚ್ಚಿಸಿದಿರಿ.

ಮೊದಲೆರಡು ಸಲ ನಿಮ್ಮನ್ನು ಬೈದುಕೊಂಡೆ. ಮೂರನೆಯ ಸಲ, ರೆಕಾರ್ಡ್ ನಿಲ್ಲಿಸಲು ಅಧಿಕಾರಿ ಮರೆತ. ನಿಮ್ಮ ಕಾಲದ ತಪಾಸಣೆಯವರೂ ಯಂತ್ರವನ್ನು ನಿಲ್ಲಿಸದೆ ಮೇಜಿನ ಮೇಲೇ ಮರೆತು ಹೋಗಿದ್ದರು. ಬಂದವರ ಬೂಟಿನ ಸದ್ದು ದೂರವಾಯಿತು, ಬಾಗಿಲು ಹಾಕಿಕೊಂಡಿತು. ಯಾರೋ ಕೂಗಿದರು: "ಜಲಜಕ್ಕ, ಗ್ಲೌಸ್ ತೆಗಿ ಮಾರಾಯ್ತಿ, ವಾಪಾಸ್ ಕೊಡ್ಕಂಬ್ರ್!" ಹಂಚಿದ ಗ್ಲೌಸನ್ನು ವಾಪಸು ಕೊಡಬೇಕಂತೆ. ಆಗ ನೀವು: "ಬಾಯಿಗೂ ಗ್ಲೌಸ್ ಹಾಕ್ದಂಗೆ ಆಯ್ತ್!" ಆಮೇಲೆ ಇಡೀ ಶೆಡ್ಡು ನಕ್ಕಿತು. ಎಂಬತ್ತು ಹೆಂಗಸರು ಒಟ್ಟಿಗೆ ನಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಟ್ಟು ಎಂಟು ಸೆಕೆಂಡು. ಅದರ ಒಂದು ಪ್ರತಿಯನ್ನು ಕಾಡಿಬೇಡಿ ಪಡೆದೆ. ದಿನಾ ಕೇಳುತ್ತೇನೆ, ಅಳುತ್ತೇನೆ.

ಅಮ್ಮಮ್ಮ, ಗುರುವಾರ ನಿಜ ಹೇಳಿ. ಗ್ಲೌಸು ಬಿಚ್ಚಿ ಕೈ ತೋರಿಸಿ. ಮಾರನೆಯ ದಿನ ನಿಮ್ಮನ್ನು ಕೆಲಸದಿಂದ ತೆಗೆಯಬಹುದು, ಶೆಡ್ಡೇ ಮುಚ್ಚಬಹುದು. ನಿಮ್ಮ ಮಗಳ ಓದು ನಿಂತು, ಅವಳ ಬದುಕು ಬೇರೆ ದಾರಿ ಹಿಡಿದು, ನಾನು ಹುಟ್ಟದೆಯೂ ಹೋಗಬಹುದು. ನನ್ನ ಚಿಂತೆ ಬಿಡಿ. ಆದರೆ ನನ್ನ ಮಗಳೂ ಹುಟ್ಟುವುದಿಲ್ಲವಲ್ಲ ಎಂದು ನೆನೆದು ಈ ಸಾಲನ್ನು ಎರಡು ಸಲ ಹೊಡೆದುಹಾಕಿದೆ. ಆದರೂ ಕೇಳುತ್ತಿದ್ದೇನೆ.

ಹೊಟ್ಟೆಪಾಡು ನನಗೂ ಗೊತ್ತು. ಗುರುವಾರ ನಿಮಗೆ ಬಾಯಿ ಬಾರದಿದ್ದರೆ ಬೈಯುವುದಿಲ್ಲ. ಹಾಗಾದಲ್ಲಿ ಒಂದೇ ಒಂದು ಉಪಕಾರ ಮಾಡಿ. ಬಂದವರು ಹೋದ ಮೇಲೆ, ನಿಮ್ಮವರೆಲ್ಲ ನಗುತ್ತಿರುವಾಗ, ಆ ನಗು ನಿಲ್ಲುವ ಮುಂಚೆ, ಪರ್ಣಿ ಎಂದು ಒಮ್ಮೆ ಜೋರಾಗಿ ಕೂಗಿ. ಮನೆಯಲ್ಲಿ ನನ್ನನ್ನು ಹಾಗೇ ಕರೆಯುತ್ತಿದ್ದರು.

ಕಾಗದ ಹಾಕಿ ಬಂದು ಆ ಎಂಟು ಸೆಕೆಂಡಿನ ರೆಕಾರ್ಡ್ ಹಚ್ಚುತ್ತೇನೆ.